ಸ್ಟೇರಿಂಗ್ ಹಿಡಿದವನಿಗೆ ಹೆಣ್ಣು ಕೊಡೋದಾ?

ಸಂಪಾದಕರ ಉತ್ತರ

ತದಡಿ ಕಡೆಯಿಂದ ಒಬ್ಬ ತಾಯಿ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಐದು ಪುಟದ ಪತ್ರದ ಸಾರ ಇಷ್ಟು:

"ಮಗಳು ಬಿ.ಕಾಂ. ಮುಗಿಸಿ ಸೊಸೈಟಿಯಲ್ಲಿ ಕೆಲಸ ಮಾಡುತ್ತಾಳೆ. ಅಂಕೋಲೆ ಕಡೆಯ ಹುಡುಗನ ಸಂಬಂಧ ಬಂದಿದೆ. ಅವನು ಲಾರಿ ಡ್ರೈವರ್, ಗುಜರಾತಿಗೆ ಗಾಡಿ ಓಡಿಸುತ್ತಾನೆ. ತಿಂಗಳಲ್ಲಿ ಐದಾರು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳಿಗೆ ಒಪ್ಪಿಗೆ. ನಮ್ಮ ಯಜಮಾನರು ಬೋಟಿಗೆ ಹೋಗುವವರು. 'ಸ್ಟೇರಿಂಗ್ ಹಿಡಿದವನಿಗೆ ಹೆಣ್ಣು ಕೊಡೋದಿಲ್ಲ' ಎಂದು ಕೂತುಬಿಟ್ಟಿದ್ದಾರೆ. ಕುಡಿಯುತ್ತಾರೆ, ಊರೂರಲ್ಲಿ ಸಂಬಂಧ ಇಟ್ಟುಕೊಳ್ಳುತ್ತಾರೆ, ರೋಗ ತರುತ್ತಾರೆ ಎಂದು ನೆಂಟರೂ ಹೇಳುತ್ತಾರೆ. ಶಿರೂರಿನ ಗುಡ್ಡ ಕುಸಿದ ಮೇಲೆ ನನಗೂ ಹೆದರಿಕೆ. ಏನು ಮಾಡಲಿ?"

ಅಕ್ಕಾ,

ಮೊದಲು ಭಾವನವರಿಗೆ ಒಂದು ಮಾತು ಕೇಳಬೇಕು. ನಿಮ್ಮನ್ನು ನೋಡಲು ಬಂದಾಗ ಅವರು ಬೋಟಿನಲ್ಲೇ ಇದ್ದರು ಅಲ್ವಾ? ಬಿರುಗಾಳಿ ಬಂದರೆ ಗತಿಯೇನು, ದಿನಗಟ್ಟಲೆ ಸಮುದ್ರದ ಮೇಲಿರುವವನಿಗೆ ಹೆಣ್ಣು ಕೊಡೋದಾ ಎಂದು ನಿಮ್ಮ ಅಪ್ಪ ಅಂದು ಕೂತಿದ್ದರೆ? ಗಂಡ ಬರುವ ದಾರಿ ಕಾಯುವುದು ಏನೆಂದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಹಾಗಾಗಿ ಅದನ್ನು ನಾನು ವಿವರಿಸಲು ಹೋಗುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬಂದ್. ಮಳೆಗಾಲದಲ್ಲಿ ಭಾವನವರು ಮನೆಯಲ್ಲಿ ಕೂತು ಬಲೆ ನೇಯಬಹುದು, ನಿಮ್ಮ ಜೊತೆ ಜಗಳವನ್ನೂ ಆಡಬಹುದು. ಲಾರಿಗೆ ಅಂಥ ಬಂದ್ ಇಲ್ಲ. ನಮ್ಮ ಘಟ್ಟಗಳು ಅತಿ ಕೆಟ್ಟು ಕೂರುವುದು ಅದೇ ಎರಡು ತಿಂಗಳಲ್ಲಿ. ಲಾರಿ ಆಗಲೂ ಓಡಬೇಕು.

ಈಗ ನನ್ನದೊಂದು ಕತೆ. 2009ರಲ್ಲಿ ನಾನು ಶಿರಸಿಯಿಂದ ಅಹಮದಾಬಾದಿಗೆ ಹೊರಟಿದ್ದ ಚಾಲಿ ಅಡಿಕೆ ಲಾರಿ ಹತ್ತಿ ಹೋಗಿದ್ದೆ. ಬರೆಯುವ ಹುಚ್ಚು. ಸರಕು ಲಾರಿಯಲ್ಲಿ ಹೀಗೆ ಹೊರಗಿನವರು ಹೋಗಬಾರದು ಎಂಬ ತಿಳಿವಳಿಕೆ ಆಗ ಇರಲಿಲ್ಲ. (2025ರ ಜನವರಿಯಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ ಲೋಡಿನ ಜೊತೆ ಬರುತ್ತಿದ್ದ ವ್ಯಾಪಾರಿಗಳ ಲಾರಿ ಯಲ್ಲಾಪುರದ ಹತ್ತಿರ ಉರುಳಿ 10 ಜನ ಹೋದದ್ದು ನಿಮಗೂ ನೆನಪಿರಬೇಕು.) ಡ್ರೈವರ್ ಹೊನ್ನಾವರ ಕಡೆಯವನು. ಸೀಟಿನ ಹಿಂದಿನ ಡಬ್ಬಿಯಲ್ಲಿ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಒಣ ಶೆಟ್ಲಿ (ಸೀಗಡಿ). ಲಾರಿಯ ನೆರಳಲ್ಲಿ ಸ್ಟೌ ಹಚ್ಚಿ ಅನ್ನ ಮಾಡುತ್ತಿದ್ದ. ಅಹಮದಾಬಾದಿನ ಗೋದಾಮಿನ ಗೇಟಲ್ಲಿ ಶೆಟ್ಲಿ ಹುರಿದಾಗ ಕಾವಲುಗಾರ ಓಡಿಬಂದು ಬೈದ ಬೈಗುಳ ನನಗೆ ಒಂದೂ ಅರ್ಥವಾಗಲಿಲ್ಲ. ಡ್ರೈವರನಿಗೆ ಎಲ್ಲವೂ ಅರ್ಥವಾಯಿತು. ನಗುತ್ತ ಬಾಣಲೆ ಇಳಿಸಿದ.

ಹುಬ್ಬಳ್ಳಿ, ಬೆಳಗಾವಿ, ಪುಣೆ, ಸೂರತ್ ದಾಟಿ ಸುಮಾರು 1200 ಕಿಲೋಮೀಟರ್. ಓಡಿದ್ದು ಮೂರು ದಿನ, ನಿಂತದ್ದೂ ಮೂರು ದಿನ. ನಾವು ತಲುಪಿದ್ದು ಶನಿವಾರ ಸಂಜೆ. ಭಾನುವಾರ ಗೋದಾಮು ಬಂದ್, ಸೋಮವಾರ ಏನೋ ಹಬ್ಬ. ಮಂಗಳವಾರ ಮಧ್ಯಾಹ್ನ ಹಮಾಲರು ಬಂದು ಚೀಲ ಇಳಿಸಿದರು. ಆ ಮೂರು ದಿನಕ್ಕೆ ಅವನಿಗೆ ಬಿಡಿಗಾಸು ಇಲ್ಲ. ಅವನದು ಟ್ರಿಪ್ ಲೆಕ್ಕ. ಗಾಡಿ ಓಡಿದರೆ ದುಡ್ಡು. ಖಾಲಿ ಬರುವ ಹಾಗೂ ಇಲ್ಲ. ಗುಜರಾತಿನದೇ ಮೋರ್ಬಿಗೆ ಹೋಗಿ ಹುಬ್ಬಳ್ಳಿಗೆ ತರುವ ಟೈಲ್ಸ್ ಲೋಡಿಗೆ ಮತ್ತೆ ಒಂದೂವರೆ ದಿನ ಕಾದೆವು.

ಲೋಡಾದ ಮೇಲೆ ಓನರ್ ಫೋನು ಶುರು. ಎಲ್ಲಿದ್ದೀಯಾ, ಎಷ್ಟೊತ್ತಿಗೆ ಬರ್ತೀಯಾ. ಗೇಟಿನಲ್ಲಿ ಬೇರೆಯವರು ತಿಂದುಹಾಕಿದ ಸಮಯವನ್ನು ಇವನು ತನ್ನ ನಿದ್ದೆಯಿಂದ ಕಟ್ಟಿಕೊಡಬೇಕು. ಎರಡನೇ ರಾತ್ರಿ ಕೊಲ್ಹಾಪುರ ದಾಟಿದ ಮೇಲೆ ಕಣ್ಣ ಕೆಳಗೆ ತಲೆನೋವಿನ ಮುಲಾಮು ಸವರಿಕೊಂಡ. "ಮಾತಾಡ್ತಾ ಇರಿ ಸರ್, ಸುಮ್ನೆ ಕೂರಬೇಡಿ" ಎಂದ. ನಿಪ್ಪಾಣಿ ಬರುವಷ್ಟರಲ್ಲಿ ನಾನೇ ನಿದ್ದೆ ಹೋಗಿದ್ದೆ.

ನೆಂಟರು ಹೇಳುವ "ಡ್ರೈವರ್ ಬುದ್ಧಿ"ಯ ಅರ್ಧ ಭಾಗ ಬುದ್ಧಿಯೇ ಅಲ್ಲ ಎಂದು ನನಗೆ ಅನ್ನಿಸಿದ್ದು ಆ ಟ್ರಿಪ್ಪಿನಲ್ಲಿ. ಅದು ಸಂಬಳದ ಲೆಕ್ಕ. ಕಾಯುವುದಕ್ಕೆ ಕೂಲಿ ಇಲ್ಲದಿದ್ದರೆ ಮನುಷ್ಯ ನಿದ್ದೆಗೆಟ್ಟು ಓಡಿಸುತ್ತಾನೆ. ನಿದ್ದೆಗೆಟ್ಟವನು ಗುಟ್ಕಾ ಹಾಕುತ್ತಾನೆ, ಸಿಡುಕುತ್ತಾನೆ, ಕೆಲವರು ಇನ್ನೂ ಏನೇನೋ ತೆಗೆದುಕೊಳ್ಳುತ್ತಾರೆ. ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ 1961ರಲ್ಲೇ ಬಂತು. ದಿನಕ್ಕೆ 8 ತಾಸು, ದೂರದ ಓಟವಾದರೆ ಹೆಚ್ಚೆಂದರೆ 10 ತಾಸು, ವಾರಕ್ಕೆ 54 ತಾಸು, ಐದು ತಾಸು ಓಡಿಸಿದ ಮೇಲೆ ಅರ್ಧ ತಾಸು ವಿಶ್ರಾಂತಿ. ಎಲ್ಲ ಬರೆದಿತ್ತು. ಅದೂ ಐದು ಜನ ಕೆಲಸಗಾರರಿಗಿಂತ ಕಡಿಮೆ ಇರುವ ಕಡೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ನಮ್ಮ ಕಡೆ ಒಂದು-ಎರಡು ಗಾಡಿಯ ಓನರುಗಳೇ ಜಾಸ್ತಿ. ಅವರಿಗೂ ತಿಂಗಳ ಕಂತು ಕಟ್ಟುವ ಚಿಂತೆ.

ಹಾಗಾಗಿ ಹುಡುಗನ ಜಾತಕದ ಜೊತೆ ಇದನ್ನೂ ಕೇಳಿ: ತಿಂಗಳ ಸಂಬಳವೋ, ಟ್ರಿಪ್ ಲೆಕ್ಕವೋ? ಗಾಡಿ ನಿಂತ ದಿನಕ್ಕೆ ಬಾಟಾ (ದಿನಭತ್ಯೆ) ಸಿಗುತ್ತದಾ? ಜೊತೆಗೆ ಕ್ಲೀನರ್ ಇದ್ದಾನಾ, ಅಥವಾ ಒಬ್ಬನೇ ಹೋಗುತ್ತಾನಾ? ಈಗ ಕ್ಲೀನರ್ ಕೆಲಸಕ್ಕೆ ಹುಡುಗರು ಬರುವುದು ಕಡಿಮೆ. ಒಬ್ಬನೇ ಹೋಗುವವನಿಗೆ "ಮಾತಾಡ್ತಾ ಇರಿ" ಎನ್ನಲೂ ಯಾರೂ ಇಲ್ಲ. ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಕೂಗಲೂ ಯಾರೂ ಇಲ್ಲ. ತಿಂಗಳ ಸಂಬಳ ಸ್ವಲ್ಪ ಕಡಿಮೆಯಾದರೂ ನಾನು ಅದನ್ನೇ ಮೇಲು ಎನ್ನುತ್ತೇನೆ.

ಭಾವನವರು ಕೇಳಬೇಕಾದ ಪ್ರಶ್ನೆ ಬೇರೆ ಇದೆ. "ಅರಬೈಲ್ ಘಟ್ಟ ಯಾವ ಗೇರಲ್ಲಿ ಇಳೀತೀಯೋ?" ಹತ್ತಿದ ಗೇರಲ್ಲೇ ಇಳಿಯುತ್ತೇನೆ ಎಂದರೆ ಚಹಾ ಕೊಡಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುತ್ತೇನೆ ಎಂದರೆ ಅಲ್ಲಿಂದಲೇ ಕಳಿಸಿಬಿಡಿ. ತಮಾಷೆಗೆ ಹೇಳುತ್ತಿಲ್ಲ. ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ನ್ಯೂಟ್ರಲ್ ಆದರೆ ಅಷ್ಟೂ ಭಾರ ಬ್ರೇಕಿನ ಮೇಲೆ. ತಿರುವಿಗೊಮ್ಮೆ ತುಳಿದು ತುಳಿದು ಡ್ರಮ್ಮು ಕಾದು, ಸುಟ್ಟ ವಾಸನೆ ಬಂದು, ಆಮೇಲೆ ಎಷ್ಟು ತುಳಿದರೂ ಹಿಡಿಯುವುದಿಲ್ಲ. ಇಂಜಿನ್ ಬಂದ್ ಮಾಡಿ ಇಳಿಸುವ ಮಹಾಶಯರೂ ಇದ್ದಾರೆ. ಆಗ ಏರ್ ಬ್ರೇಕಿಗೆ ಗಾಳಿ ತುಂಬುವುದೂ ನಿಲ್ಲುತ್ತದೆ, ಸ್ಟೇರಿಂಗೂ ಗಟ್ಟಿಯಾಗುತ್ತದೆ. ಅಷ್ಟು ಮಾಡಿ ಉಳಿಯುವ ಡೀಸೆಲ್ ಎಷ್ಟು? ಈಗಿನ ಇಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ತಾವೇ ಡೀಸೆಲ್ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲೇ ಸ್ವಲ್ಪ ಹೆಚ್ಚು ಉರಿಯುತ್ತದೆ.

ಕುಡಿತದ ಬಗ್ಗೆ ಸುಳ್ಳು ಹೇಳಲಾರೆ. ಕುಡಿಯುವವರು ಇದ್ದಾರೆ. ಬೋಟಿನಲ್ಲೂ ಇದ್ದಾರೆ, ನಮ್ಮ ಪತ್ರಿಕಾ ಕಚೇರಿಯಲ್ಲೂ ಇದ್ದರು. ಲಾರಿಯವನು ಗಾಡಿ ನಿಲ್ಲಿಸಿ ಕುಡಿಯುತ್ತಾನಾ, ಓಡಿಸುವ ಮುಂಚೆ ಕುಡಿಯುತ್ತಾನಾ ಎಂಬುದನ್ನು ಜೊತೆಯ ಡ್ರೈವರುಗಳು ಹೇಳಿಬಿಡುತ್ತಾರೆ. ಅಂಕೋಲೆಯಲ್ಲಿ ಲಾರಿ ನಿಲ್ಲುವ ಕಡೆ ಚಹಾದಂಗಡಿಯಲ್ಲಿ ಕೂತು ವಿಚಾರಿಸಿ. ನೆಂಟರಿಗಿಂತ ಅವರ ಮಾತು ಗಟ್ಟಿ. ರೋಗದ ಮಾತು ಬಂದರೆ ನಾಚಿಕೆ ಬೇಡ. ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರೂ ಒಪ್ಪಿ ರಕ್ತಪರೀಕ್ಷೆ ಮಾಡಿಸಲಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಪುಕ್ಕಟೆ, ಗುಟ್ಟಾಗಿಯೂ ಇಡುತ್ತಾರೆ. ಇದನ್ನು ನಾನು ಇಂಜಿನಿಯರ್ ಹುಡುಗನಿಗೂ ಹೇಳುತ್ತೇನೆ.

ಇನ್ನು ನಿಮ್ಮ ಹೆದರಿಕೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅಲ್ಲಿ ಲಾರಿಗಳು ಯಾಕೆ ನಿಂತಿದ್ದವು? ಚಹಾದಂಗಡಿ ಇತ್ತು, ಪಕ್ಕದಲ್ಲಿ ಗಾಡಿ ನಿಲ್ಲಿಸಲು ಜಾಗ ಇತ್ತು, ಅದಕ್ಕೆ. ಒಂದು ಕಡೆ ಹೆದ್ದಾರಿಗೆಂದು ಕಡಿದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ಹೊಳೆ. ಅಂದು ಲಾರಿ ಸಮೇತ ಹೊಳೆ ಪಾಲಾದ ಕೇರಳದ ಡ್ರೈವರ್ ಮರದ ಲೋಡು ಹೊತ್ತು ಬಂದವನು. ಅವನ ಲಾರಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳಿಗೂ ಹೆಚ್ಚು ಕಾಲ ಅವನ ಮನೆಯವರು ಕಾದರು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೆ ಸೇತುವೆ ಮುರಿದು ತಮಿಳುನಾಡಿನ ಒಂದು ಲಾರಿ ಹೊಳೆಗೆ ಬಿತ್ತು. ಆ ಡ್ರೈವರ್ ಕ್ಯಾಬಿನ್ ಮೇಲೆ ಹತ್ತಿ ಕೂತಿದ್ದ. ಪೊಲೀಸರೂ ಮೀನುಗಾರರೂ ಸೇರಿ ದಡಕ್ಕೆ ತಂದರು. ಭಾವನವರ ಜನವೇ ಅಲ್ವಾ?

ಈ ಎರಡೂ ಡ್ರೈವರನ ತಪ್ಪಲ್ಲ. ಇಂಥದ್ದು ಆಗುವುದೇ ಇಲ್ಲ ಎಂದು ನಾನು ಧೈರ್ಯ ಹೇಳಲಾರೆ. ನಮ್ಮ ಕರಾವಳಿಯಲ್ಲಿ ಲಾರಿ ನಿಲ್ಲಿಸಿ ನಿರಾಳವಾಗಿ ಮಲಗುವ ಜಾಗ ಬಹಳ ಕಡಿಮೆ. ಹೊನ್ನಾವರದಲ್ಲಿ ಶರಾವತಿ ಸೇತುವೆ ಮೇಲೆ ರೈಲಿನ ಬೆನ್ನೇರಿ ಲಾರಿಗಳ ಸಾಲು ಹೋಗುವುದನ್ನು ನೀವು ನೋಡಿರಬಹುದು. ಕೊಂಕಣ ರೈಲ್ವೆಯ ರೋ-ರೋ ಗಾಡಿ ಅದು, ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡ್‌ವರೆಗೆ. ಗಾಡಿ ಮುಂದೆ ಹೋಗುತ್ತಿರುವಾಗಲೇ ಡ್ರೈವರ್ ಕಾಲು ಚಾಚಿ ಮಲಗುವುದು ಅದೊಂದರಲ್ಲೇ ಇರಬೇಕು. ಹುಡುಗನ ಓನರ್ ಮಳೆಗಾಲದಲ್ಲಾದರೂ ಅದನ್ನು ಬಳಸುತ್ತಾನಾ ಎಂದು ಕೇಳಿ ನೋಡಿ.

ವಿಮೆಯ ವಿಷಯ ಚಿಕ್ಕದಾಗಿ. ಬೇರೆಯವರ ಗಾಡಿ ಓಡಿಸುವವನಿಗೆ ಕೆಲಸದಲ್ಲಿ ಏನಾದರೂ ಆದರೆ ಕಾನೂನಿನ ಪ್ರಕಾರ ಓನರ್ ಹೊಣೆ. ಗಾಡಿಯ ವಿಮೆ ಚಾಲ್ತಿಯಲ್ಲಿದ್ದರೆ ಕಂಪನಿ ಆ ಹೊಣೆ ಹೊರುತ್ತದೆ. ಮುಂದೆ ಸ್ವಂತ ಗಾಡಿ ಮಾಡಿದರೆ ಓನರ್-ಡ್ರೈವರ್ ಎಂದು 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬೇರೆಯೇ ಮಾಡಿಸಬೇಕು. ಲೈಸನ್ಸ್ ಚಾಲ್ತಿಯಲ್ಲಿಲ್ಲದಿದ್ದರೆ ಎಲ್ಲವೂ ರಗಳೆ. ಮದುವೆಯಾದರೆ ವಿಮೆಯ ನಕಲು, ಗಾಡಿ ನಂಬರು, ಓನರ್ ಮತ್ತು ಟ್ರಾನ್ಸ್‌ಪೋರ್ಟ್ ಆಫೀಸಿನ ಫೋನ್ ನಂಬರು ನಿಮ್ಮ ಮಗಳ ಹತ್ತಿರ ಇರಲಿ.

ಅವಳು ಕೆಲಸ ಬಿಡುವುದು ಬೇಡ, ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗ್ಯಾಸ್, ಕರೆಂಟ್ ಬಿಲ್ಲು, ಅತ್ತೆಯ ಔಷಧಿ, ಮಕ್ಕಳ ಶಾಲೆ, ಎಲ್ಲ ಅವಳ ತಲೆಗೇ ಬರುತ್ತದೆ. ಕೈಯಲ್ಲಿ ಸ್ವಂತ ದುಡ್ಡಿರಬೇಕು. ಇನ್ನೊಂದು, ಫೋನಿನ ಕಟ್ಟುಪಾಡು. ಗಾಡಿ ಓಡುವಾಗ ಇವಳು ಮಾಡುವ ಹಾಗಿಲ್ಲ. ನಿಂತಾಗ ಅವನೇ ಮಾಡಬೇಕು. ನಾನು ಹೇಳಿದ ಹೊನ್ನಾವರದವನು ಎಲ್ಲಿ ನಿಂತರೂ ಮೊದಲು ಮನೆಗೆ ಒಂದು ಮಿಸ್ ಕಾಲ್ ಕೊಡುತ್ತಿದ್ದ. ಆಮೇಲೆ ಟಯರ್ ಬಡಿದು ನೋಡುತ್ತಿದ್ದ. ಆಮೇಲೆ ಚಹಾ.

ಅಡಿಕೆ ತೋಟ ಇರುವ ನಮ್ಮ ಶಿರಸಿ ಹುಡುಗರಿಗೇ ಹೆಣ್ಣು ಸಿಗದ ಕಾಲ ಇದು. ನಿಮ್ಮ ಮಗಳು ತಾನಾಗಿ ಒಬ್ಬನನ್ನು ಮೆಚ್ಚಿದ್ದಾಳೆ. ಬೇಡ ಎನ್ನುವ ಮುಂಚೆ ಒಂದು ಕೆಲಸ ಮಾಡಿ. ಹುಡುಗ ಟ್ರಿಪ್ ಮುಗಿಸಿ ಬಂದ ದಿನ, ಗಾಡಿ ತೊಳೆಯುವ ಮುಂಚೆ, ಭಾವನವರು ಅಂಕೋಲೆಗೆ ಹೋಗಲಿ. ನಿಂತ ಲಾರಿಯ ಕ್ಯಾಬಿನ್ ಹತ್ತಿ ಕೂರಲಿ. 2025ರ ಅಕ್ಟೋಬರ್ 1ರ ನಂತರ ತಯಾರಾದ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಇವನದು ಹಳೆಯದಿರಬಹುದು, ಸೆಖೆ ಇದ್ದೀತು. ಸೀಟಿನ ಹಿಂದೆ ಮಲಗುವ ಹಾಸಿಗೆ ಹೇಗಿದೆ, ತಾಡಪತ್ರಿ ಹಗ್ಗ ಸುತ್ತಿ ಇಟ್ಟಿದ್ದಾನಾ, ಸ್ಟೆಪ್ನಿಯಲ್ಲಿ ಗಾಳಿ ಇದೆಯಾ, ಡಬ್ಬಿಯಲ್ಲಿ ಏನಿದೆ ನೋಡಲಿ. ಬೋಟಿನ ಕೋಣೆ ನೋಡಿ ಒಳಗಿನವರು ಎಂಥವರು ಎಂದು ಹೇಳುವವರು ಅವರು. ಇದನ್ನೂ ಹೇಳುತ್ತಾರೆ.

ಬರುವಾಗ ಅವರು ಏನೆಂದರು ಎಂದು ನನಗೊಂದು ಸಾಲು ಬರೆಯಿರಿ.

— ಸಂ.