ಚಾಳೀಸು ಬಂದ ಮೇಲೂ ಚಷ್ಮಾ ಬೇಡವೇ?

ಓದುಗರ ಪತ್ರ: ಬೆಟಗೇರಿಯ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ವಯಸ್ಸು 44. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯಬೇಕು, ಸಂಜೆಯಾದರೆ ತಲೆನೋವು. ಮಷೀನಿನ ಬೆಲ್ಟ್ ಹರಿದರೆ ಅವತ್ತೇ ತರುತ್ತೇನೆ. ಚಷ್ಮಾಕ್ಕೆ ಮಾತ್ರ ಕೈ ಬರುವುದಿಲ್ಲ. ಹೊಲಿಗೆಯ ಬಾಕಿ ಕೇಳಲೂ ನಾಚಿಕೆ. ಬ್ಯಾಂಕಿನ ಮೆಸೇಜ್ ಬಂದರೆ ಎದೆ ಧಸಕ್ ಅನ್ನುತ್ತದೆ, ತೆರೆಯದೆ ಬಿಡುತ್ತೇನೆ. ಚಿಕ್ಕವಳಿದ್ದಾಗ ಸಾಲದವರು ಬಂದರೆ ಅವ್ವ ನಮ್ಮನ್ನು ಒಳಗೆ ಕೂರಿಸಿ ಬಾಗಿಲು ಹಾಕುತ್ತಿದ್ದಳು. ಇದು ನನ್ನ ಸ್ವಭಾವವೋ, ಕಾಯಿಲೆಯೋ? ಚಷ್ಮಾ ಮಾಡಿಸುವುದಾದರೆ ಮನೆಯವರಿಗೆ ಹೇಳಬೇಕೋ ಬೇಡವೋ?

ಸಂಪಾದಕರ ಉತ್ತರ:

ಅಕ್ಕಾವ್ರೇ, ಕಾಯಿಲೆ ಹೌದೋ ಅಲ್ಲವೋ ಹೇಳಲು ನಾನು ಡಾಕ್ಟರ್ ಅಲ್ಲ. ಆದರೆ ಬೆಲ್ಟಿನ ಮಾತನ್ನು ನೀವೇ ಬರೆದಿದ್ದೀರಿ. ಮಷೀನು ದುಡಿಯುತ್ತದೆ ಅಂತ ಅದಕ್ಕೆ ಎಣ್ಣೆ, ಬೆಲ್ಟ್ ಎಲ್ಲ ಸಿಗುತ್ತದೆ. ಅದನ್ನು ತುಳಿಯುವವರಿಗೆ ಏನೂ ಇಲ್ಲ. ಲೆಕ್ಕ ತಪ್ಪಿದ್ದು ಇಲ್ಲೇ ಅಲ್ವಾ?

ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುವುದು ಎಲ್ಲರಿಗೂ ಬರುವಂಥದ್ದು. ಕಣ್ಣೊಳಗಿನ ಮಸೂರ ಬಿರುಸಾಗುತ್ತದೆ, ಅಷ್ಟೇ. ಗದಗ ಹತ್ತಿರದ ಮಲ್ಲಸಮುದ್ರದ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ. ಬಸ್ಸಿಗೂ ಖರ್ಚಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ. ಓದಲು, ಹೊಲಿಯಲು ಬೇಕಾದ ಸಾದಾ ಚಷ್ಮಾಕ್ಕೆ ದೊಡ್ಡ ದುಡ್ಡೇನೂ ಆಗುವುದಿಲ್ಲ. ಫ್ರೇಮಿನ ಶೋಕಿ ಬೇರೆ ಮಾತು.

ಇನ್ನು ನಾಚಿಕೆಯ ವಿಷಯ. ಹೆಣ್ಣುಮಕ್ಕಳಿಗೆ ಆಸೆ ಬೇಡ ಅನ್ನುವಾಗ ನಮ್ಮ ಕಡೆ ಆಯ್ದಕ್ಕಿ ಲಕ್ಕಮ್ಮನ ಕತೆ ಹೇಳುತ್ತಾರೆ. ಗಂಡ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ತಂದಲ್ಲೇ ಸುರಿದು ಬಾ ಅಂದವಳು ಆಕೆ. ನಿಜ. ಆದರೆ ಆಕೆ ಬೇಡ ಅಂದದ್ದು ಜಾಸ್ತಿ ಬಂದದ್ದನ್ನು. ದಿನದ ಕಾಯಕದ ಅಕ್ಕಿಯನ್ನು ಆಕೆ ಬಿಡಲಿಲ್ಲ, ಅದರಲ್ಲೇ ದಾಸೋಹ ನಡೆಸಿದಳು. ಕತೆ ಹೇಳುವವರು ಇಷ್ಟನ್ನು ಯಾಕೋ ಮರೆತುಬಿಡುತ್ತಾರೆ. ನೀವು ಕೇಳಬೇಕಾದ್ದೂ ಹೊಲಿದುಕೊಟ್ಟದ್ದರ ಕೂಲಿಯೇ. "ಅಕ್ಕಾ, ಬ್ಲೌಸ್ ಆಗೇತ್ರಿ, ರೊಕ್ಕ ತಗೊಂಡ್ ಬರ್ರಿ" ಅಂತ ಫೋನಿನಲ್ಲೇ ಹೇಳಿಬಿಡಿ. ಎದುರಿಗೆ ನಿಂತಾಗ ಕೇಳುವುದಕ್ಕಿಂತ ಇದು ಸಲೀಸು. ಹಳೆಯ ಉದ್ರಿ ಇದ್ದವರಿಗೆ ಹೊಸ ಬಟ್ಟೆ ತೆಗೆದುಕೊಳ್ಳುವಾಗಲೇ ನೆನಪು ಮಾಡಿ. ಒಬ್ಬಿಬ್ಬರು ಮುಖ ಗಂಟು ಹಾಕುತ್ತಾರೆ. ಹಾಕಲಿ.

ಎದೆ ಧಸಕ್ ಅನ್ನುವುದಕ್ಕೆ ಆ ಮುಚ್ಚಿದ ಬಾಗಿಲು ಕಾರಣ ಇರಬಹುದು ಅಂತ ನನಗನಿಸುತ್ತದೆ. ಆಗ ದುಡ್ಡಿನ ಮಾತು ಬಂತೆಂದರೆ ಅಡಗಿ ಕೂರಬೇಕಿತ್ತು. ಈಗ ಮೆಸೇಜನ್ನೂ ತೆರೆಯದೆ ಬಿಡುತ್ತೀರಿ. ನೋಡದೆ ಬಿಟ್ಟಷ್ಟೂ ಬಾಕಿ ಮನಸ್ಸಿನಲ್ಲಿ ಬೆಳೆಯುತ್ತದೆ. ದಿನಾ ನೋಡಿ ಅಂತ ಹೇಳುವುದಿಲ್ಲ, ಅದೂ ಒಂದು ಕಾಟ. ವಾರಕ್ಕೊಮ್ಮೆ, ಬೆಳಗಿನ ಚಹಾ ಆದ ಮೇಲೆ, ಹತ್ತು ನಿಮಿಷ. ಖಾತೆಯಲ್ಲಿ ಎಷ್ಟಿದೆ, ಸಂಘದ ಕಂತು ಎಷ್ಟು, ಯಾರಿಂದ ಬರಬೇಕು, ಅಳತೆ ಬರೆಯುವ ನೋಟ್‌ಬುಕ್ಕಿನ ಹಿಂಭಾಗದಲ್ಲಿ ಬರೆದಿಡಿ. ರಾತ್ರಿ ಮಲಗುವ ಹೊತ್ತಿಗೆ ಮಾತ್ರ ಬೇಡ.

ಇಷ್ಟಾದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ಮಾತಾಡಬೇಕೆನಿಸಿದರೆ ಧಾರವಾಡದ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಮನೆಯವರಿಗೆ ಹೇಳಿ. ಮಾಡಿಸಲೇನ್ರಿ ಅಂತ ಕೇಳಬೇಡಿ, ಮಾಡಿಸ್ತೀನಿ ಅಂತ ಹೇಳಿ. ಕಂತು ಕಟ್ಟುವ ವಾರ ಬಿಟ್ಟು ಅದರ ಮುಂದಿನ ವಾರ ಹೋಗಿ. ಕಣ್ಣು ತೋರಿಸುವಾಗ, ಬಟ್ಟೆ ಹಿಡಿದು ಹೊಲಿಯುವಾಗ ಕಣ್ಣಿಗೂ ಕೈಗೂ ಎಷ್ಟು ದೂರ ಇರುತ್ತದೆ ಅಂತ ಡಾಕ್ಟರಿಗೆ ತೋರಿಸಿ. ನಂಬರ್ ಅದರ ಮೇಲೆ ಕೊಡುತ್ತಾರೆ.