ಸಂಪಾದಕರ ಉತ್ತರ: ತಾಯಿಯ ಪ್ರತಿ ಅಂದ್ರೆ ತಾಯಿಯ ಮನೆತನ ಅಲ್ಲ

ಡೊಂಬಿವಲಿಯ ಅಕ್ಕನಿಗೆ ನಮಸ್ಕಾರ.

ನಿಮ್ಮ ಪತ್ರ ಬಂದು ನಾಲ್ಕು ದಿನ ಆಯ್ತು, ಮತ್ತೆ ಮತ್ತೆ ಓದಿದೆ. ಬೇರೆಯವರಿಗೂ ಗೊತ್ತಾಗ್ಲಿ ಅಂತ ವಿಷಯ ಹೇಳ್ತೀನಿ. ನಿಮ್ಮ ತಂಗಿ ಮಗನಿಗೆ ಮೂರು ವರ್ಷ, ಸ್ನಾನ ಮಾಡಿಸುವಾಗ ಹೊಟ್ಟೆಯ ಎಡಗಡೆ ಗಟ್ಟಿಯಾಗಿ ಕೈಗೆ ಸಿಕ್ತು, ಪರೇಲ್‌ನ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ವಿಲ್ಮ್ಸ್ ಟ್ಯೂಮರ್, ಅಂದ್ರೆ ಚಿಕ್ಕ ಮಕ್ಕಳ ಕಿಡ್ನಿಯಲ್ಲಿ ಬರೋ ಕ್ಯಾನ್ಸರ್ ಗಡ್ಡೆ, ಅಂದ್ರು. ಅಷ್ಟರಲ್ಲಿ ನಮ್ಮ ಹೋದ ಸಂಚಿಕೆಯಲ್ಲಿ "ತಾಯಿಯಿಂದ ಬಂದ ಪ್ರತಿ ಸುಮ್ಮನಿರಬೇಕು, ಎದ್ದರೆ ಗಡ್ಡೆ" ಅನ್ನೋ ಸಾಲು (ಪ್ರತಿ ಅಂದ್ರೆ ಇಲ್ಲಿ ಜೀನಿನ ಪ್ರತಿ) ಓದಿ ತಂಗಿಯ ಅತ್ತೆ "ನೋಡು, ಅಚ್ಚಲ್ಲೇ ಬಂದಿದೆ, ನಿಮ್ಮ ಕಡೆಯಿಂದಲೇ ಬಂದದ್ದು" ಅಂದ್ರಂತೆ. ಆ ಸಾಲು ತಿದ್ದಿ ಕಳಿಸಿದ್ದು ನಾನೇ. ಅರ್ಧ ಹೇಳಿ ಬಿಟ್ಟದ್ದು ತಪ್ಪಾಯ್ತು, ತಂಗಿಯ ಕ್ಷಮೆ ಕೇಳ್ತೀನಿ. ಉಳಿದರ್ಧ ಇಲ್ಲಿದೆ, ಇದನ್ನೂ ಅತ್ತೆಗೆ ಓದಿ ಹೇಳಿ.

ನಿಮ್ಮ ಮನೆಯವರದ್ದು ಹೋಟೆಲ್ ಅಂತ ಬರೆದಿದ್ದೀರಿ, ಅಲ್ಲಿಂದಲೇ ಹೇಳ್ತೀನಿ. ಎರಡು ದೋಸೆ ಕಲ್ಲಿದೆ, ಬೆಂಕಿ ಒಂದರ ಕೆಳಗೆ ಮಾತ್ರ. 11ನೇ ಕ್ರೋಮೋಸೋಮ್‌ನಲ್ಲಿರೋ ಐಜಿಎಫ್-2 ಅನ್ನೋ ಬೆಳವಣಿಗೆಯ ಜೀನ್ ಹೀಗೇ, ಅಪ್ಪನದೊಂದು ಅಮ್ಮನದೊಂದು ಪ್ರತಿ, ಉರಿಯೋದು ಅಪ್ಪನದ್ದು. ಅಮ್ಮನ ಪ್ರತಿಯಲ್ಲಿ ಸಿಟಿಸಿಎಫ್ ಅನ್ನೋ ಪ್ರೋಟೀನ್ ಅಡ್ಡ ಕೂತಿರುತ್ತೆ, ಹಾಗಾಗಿ ಪಕ್ಕದ ಎಚ್-19 ಜೀನ್ ಮಾತ್ರ ಕೆಲಸ ಮಾಡುತ್ತೆ. ಅಪ್ಪನ ಪ್ರತಿಯಲ್ಲಿ ಅದೇ ಜಾಗಕ್ಕೆ ಮೀಥೈಲ್ ಅನ್ನೋ ಸಣ್ಣ ರಾಸಾಯನಿಕ ಗುರುತು ಬಿದ್ದಿರುತ್ತೆ, ಪ್ರೋಟೀನ್‌ಗೆ ಕೂರೋಕಾಗಲ್ಲ. ಕೆಲವು ವಿಲ್ಮ್ಸ್ ಗಡ್ಡೆಗಳಲ್ಲಿ ಎರಡೂ ಕಲ್ಲು ಉರೀತಿವೆ ಅಂತ 1993ರಲ್ಲಿ ಗೊತ್ತಾಯ್ತು, ಅಮ್ಮನ ಪ್ರತಿಗೂ ಆ ಗುರುತು ಬಿದ್ದರೆ ಹಾಗಾಗುತ್ತೆ.

ಮೈಕ್ರೋಆರ್‌ಎನ್‌ಎ ಅಂದ್ರೇನು ಅಂತಲೂ ಕೇಳಿದ್ರಿ. ಜೀನ್ ಕಳಿಸಿದ ಆರ್ಡರ್ ಚೀಟಿಗೆ ಅಂಟಿಕೊಂಡು ಭಟ್ಟರು ಅದನ್ನ ಓದದ ಹಾಗೆ ಮಾಡೋ ಸಣ್ಣ ತುಂಡು, ಸುಮಾರು 22 ಅಕ್ಷರದ್ದು. ಹುಳದಲ್ಲಿ ಇದನ್ನ ಮೊದಲು ಕಂಡ ಆಂಬ್ರೋಸ್, ರುವ್ಕುನ್ ಅವರಿಗೆ 2024ರ ನೊಬೆಲ್ ಬಂತು. ಎಚ್-19ರ ಒಳಗಿಂದಲೇ ಮಿರ್-675 ಅನ್ನೋದೊಂದು ಹುಟ್ಟುತ್ತೆ, ಇಲಿಯ ಮಾಸಿನಲ್ಲಿ ಅದು ಬೆಳವಣಿಗೆಗೆ ಬ್ರೇಕ್ ಹಾಕುತ್ತೆ. ಅಂದ್ರೆ ಅಮ್ಮನ ಪ್ರತಿ ಸುಮ್ಮನೆ ಮಲಗಿಲ್ಲ, ನಾನು ತಿದ್ದಿದ ಸಾಲು ಅಲ್ಲೂ ತಪ್ಪು. ಆದ್ರೆ ದೊಡ್ಡವರ ಕರುಳಿನ ಕ್ಯಾನ್ಸರ್‌ನಲ್ಲಿ ಇದೇ ಮಿರ್-675 ಹೆಚ್ಚಾಗಿ, ಗಡ್ಡೆ ತಡೆಯೋ ಜೀನಿನ ಚೀಟಿಗೇ ಅಂಟಿಕೊಳ್ಳೋದನ್ನೂ ಕಂಡಿದ್ದಾರೆ, ಆದ್ದರಿಂದ ಯಾವುದನ್ನೂ ಒಳ್ಳೇದು ಕೆಟ್ಟದ್ದು ಅಂತ ಒಂದೇ ಮಾತಲ್ಲಿ ಹೇಳೋ ಹಾಗಿಲ್ಲ.

ಈಗ ಅತ್ತೆಯ ಮಾತಿಗೆ ಬರ್ತೀನಿ. ಈ ಗುರುತು ಮನೆತನದ ಹೆಸರಿನ ಹಾಗೆ ಹರಿದು ಬರೋದಲ್ಲ, ಪ್ರತಿ ತಲೆಮಾರಿನಲ್ಲೂ ಅಳಿಸಿ ಹೊಸದಾಗಿ ಹಾಕ್ತದೆ ದೇಹ. ನಿಮ್ಮ ತಂಗಿ ಮಗನಿಗೆ ಕೊಟ್ಟ ಆ ಪ್ರತಿ ನಿಮ್ಮ ಅಪ್ಪನಿಂದಲೇ ಬಂದಿರಬಹುದು, ಆಗ ಅದರ ಮೇಲೆ ಅಪ್ಪನ ಗುರುತೇ ಇತ್ತು, ಅವಳ ಅಂಡಾಣುವಿನಲ್ಲಿ ಅದು ಅಳಿದು ಅಮ್ಮನದ್ದಾಯ್ತು. ಈ ಹುಡುಗ ನಾಳೆ ಅಪ್ಪನಾದಾಗ ಅಮ್ಮನಿಂದ ಬಂದದ್ದನ್ನೂ ಅಪ್ಪನ ಗುರುತು ಹಾಕಿಯೇ ಕೊಡ್ತಾನೆ. ಇನ್ನು ಈ ಗಡ್ಡೆಗಳಲ್ಲಿ ಗುರುತು ಕೆಡೋದು ಹೆಚ್ಚಾಗಿ ಗರ್ಭ ನಿಂತ ಮೇಲೆ, ಮಗುವಿನ ಕಿಡ್ನಿ ಆಗ್ತಿರುವಾಗ ಕೆಲವೇ ಜೀವಕೋಶಗಳಲ್ಲಿ. ತಂಗಿ ತಿಂದ ಪಪ್ಪಾಯಿ, ಏಳನೇ ತಿಂಗಳವರೆಗೆ ಲೋಕಲ್‌ನಲ್ಲಿ ನಿಂತು ಆಫೀಸಿಗೆ ಹೋಗಿದ್ದು, ಗ್ರಹಣದ ದಿನ ಹೊರಗೆ ಬಂದದ್ದು, ಯಾವುದೂ ಕಾರಣ ಅಲ್ಲ.

ಹುಡುಗನ ಚಿಕ್ಕ ತಂಗಿಗೂ ಬರುತ್ತಾ ಅಂತ ಕೇಳಿದ್ರಿ. ವಿಲ್ಮ್ಸ್ ಒಂದೇ ಮನೆಯಲ್ಲಿ ಇಬ್ಬರಿಗೆ ಬರೋದು ತೀರಾ ಅಪರೂಪ. ಹುಟ್ಟಿದಾಗಲೇ ನಾಲಿಗೆ ದೊಡ್ಡದಿದ್ರೆ, ದೇಹದ ಒಂದು ಪಕ್ಕ ದಪ್ಪ ಇದ್ರೆ ಬೆಕ್‌ವಿತ್-ವೀಡೆಮನ್ ಅನ್ನೋ ಸ್ಥಿತಿ ಇರಬಹುದು, ಅಂಥ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ಸೋನೋಗ್ರಫಿ ಮಾಡ್ತಾರೆ, ಡಾಕ್ಟರ ಹತ್ರ ಒಂದು ಮಾತು ಕೇಳಿ. ಹುಡುಗನ ವಿಷಯದಲ್ಲಿ ಧೈರ್ಯವಾಗಿರಿ, ಆಪರೇಷನ್ ಕೀಮೋ ಆಗಿ ಈ ಕಾಯಿಲೆಯ ಹೆಚ್ಚಿನ ಮಕ್ಕಳು ಗುಣ ಆಗ್ತಾರೆ.

ಬರೋ ತಿಂಗಳ ಕೀಮೋ ದಿನ ತಿಳಿಸಿ. ಮಾಟುಂಗಾದ ನಮ್ಮ ಆಫೀಸಿಂದ ಪರೇಲ್ ದೂರ ಇಲ್ಲ, ಬಂದು ಅತ್ತೆಯ ಹತ್ರ ನಾನೇ ಮಾತಾಡ್ತೀನಿ.