ಮಗ ಹೊತ್ತುಕೊಂಡಿದ್ದ ತಪ್ಪು

ಊರಿನವರ ಪಾಪನಿವೇದನೆ ಕೇಳುವ ಗುರುಗಳು ತಮ್ಮದನ್ನು ಹೇಳಿಕೊಳ್ಳಲು ಜಾಗವಿಲ್ಲದೆ ಮೈಸೂರಿನ ನನ್ನ ಆಪ್ತಸಲಹೆಯ ಕೊಠಡಿಗೆ ಬರುವುದುಂಟು. ಅವರಲ್ಲಿ ಒಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ಮಂಡ್ಯ ಕಡೆಯ ಕಥೋಲಿಕ ಗುರುಗಳು. ರಾತ್ರಿ ಕುಡಿಯುತ್ತಿದ್ದರು. ಒಮ್ಮೆ ಸಾಯುವ ಸ್ಥಿತಿಯಲ್ಲಿದ್ದ ಹಿರಿಯರೊಬ್ಬರಿಗೆ ಅಭ್ಯಂಗ (ರೋಗಿಗೆ ಗುರುಗಳು ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಕೊಡಿ ಎಂದು ಮನೆಯವರು ಸರಿರಾತ್ರಿಯಲ್ಲಿ ಫೋನ್ ಮಾಡಿದರು. ಇವರು ಎತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಜೀವ ಹೋಗಿತ್ತು.

ಮೊದಲ ಭೇಟಿಗಳು ಕುಡಿತದ ಮಾತಿನಲ್ಲೇ ಕಳೆದವು. ಆಮೇಲೊಂದು ದಿನ, “ಮೇಡಂ, ಪರವಾಗಿಲ್ಲ ಅಂತ ನೀವೇ ಒಂದು ಮಾತು ಹೇಳ್ಬಿಡಿ” ಎಂದರು.

“ಅದು ನನ್ನ ಕೈಲಿಲ್ಲ ಫಾದರ್. ಬೇರೆ ಗುರುಗಳ ಹತ್ರ ಯಾಕೆ ಹೋಗಿಲ್ಲ?”

“ಅವರು ಬಾಯಿ ಬಿಡಲ್ಲ, ಗೊತ್ತು. ಆದ್ರೆ ಆಮೇಲೂ ಅವರ ಜೊತೆ ಕೂತು ಊಟ ಮಾಡ್ಬೇಕಲ್ಲ.”

ಮನೆಯವರು ಏನೆಂದರು ಎಂದು ಕೇಳಿದೆ.

“ಮಗ ನನ್ನ ಕೈ ಹಿಡ್ಕೊಂಡು ಅತ್ತ. ‘ಸಂಜೇನೇ ಹೇಳಿಕಳಿಸ್ಬೇಕಿತ್ತು ಫಾದರ್, ನಾನೇ ತಡ ಮಾಡಿ ಅಪ್ಪನ್ನ ಹಂಗೇ ಕಳಿಸ್ಬಿಟ್ಟೆ’ ಅಂದ. ಸಮಾಧಾನ ಮಾಡ್ದೆ.”

“ಏನಂತ?”

ಬಹಳ ಹೊತ್ತು ತಲೆ ಎತ್ತಲಿಲ್ಲ. “ದೇವರು ನಿನ್ನ ಕ್ಷಮಿಸ್ತಾನೆ ಅಂತ.”

ತಮ್ಮ ತಪ್ಪಿಗೆ ಮಗನನ್ನು ಕ್ಷಮಿಸಿ ಬಂದಿದ್ದರು.

ನನ್ನ ಸಲಹೆ ಹೀಗಿತ್ತು. ತನ್ನ ಪಾಪಕ್ಕೆ ತಾನೇ ಕ್ಷಮೆ ಕೊಟ್ಟುಕೊಳ್ಳಲು ಯಾವ ಗುರುವಿಗೂ ಬರುವುದಿಲ್ಲ. 2014ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸರೇ ಎಲ್ಲರೆದುರು ಇನ್ನೊಬ್ಬ ಗುರುವಿನ ಮುಂದೆ ಪಾಪನಿವೇದನೆಗೆ ಮೊಣಕಾಲೂರಿದ್ದರು. ಪರಿಚಯದವರೆಂದರೆ ನಾಚಿಕೆಯಾದರೆ ಧರ್ಮಪ್ರಾಂತ್ಯದ (ನಿಮ್ಮ ಬಿಷಪರ ವ್ಯಾಪ್ತಿಯ) ಆಚೆ ಹೋಗಿ, ಪರದೆಯ ಹಿಂದೆ ಕೂತು ಹೇಳಿ. ಕುಡಿತಕ್ಕೆ ಮನೋವೈದ್ಯರನ್ನು ಕಾಣಿ. ಪಕ್ಕದ ಧರ್ಮಕೇಂದ್ರದ (ಚರ್ಚಿನ) ಗುರುಗಳ ನಂಬರನ್ನೂ ಜನರಿಗೆ ಕೊಟ್ಟಿಡಿ. ಮತ್ತು ಆ ಮಗನಿಗೆ ನಿಜ ಹೇಳಿ.

ಕೊನೆಯದನ್ನು ನನ್ನ ಸಹೋದ್ಯೋಗಿಗಳು ಒಪ್ಪಲಿಲ್ಲ. ತನ್ನ ಮನಸ್ಸು ಹಗುರಾಗಲೆಂದು ಇನ್ನೊಬ್ಬರ ಗಾಯ ಕೆದಕಬಾರದು ಎಂದರು. ಬೇರೆ ಪ್ರಕರಣಗಳಲ್ಲಿ ನಾನೂ ಅದನ್ನೇ ಹೇಳುತ್ತೇನೆ. ಇಲ್ಲಿ ಮಾತ್ರ ಮೌನದ ಬೆಲೆಯನ್ನು ಮಗ ತೆರುತ್ತಿದ್ದ. ಪಾಪ ಕ್ಷಮಿಸಲ್ಪಟ್ಟರೂ ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂದು ಶ್ರೀಸಭೆಯೇ (ಕಥೋಲಿಕ ಧರ್ಮಸಭೆ) ಬೋಧಿಸುತ್ತದೆ. ಆ ಮಗನ ನೆಮ್ಮದಿಯೂ ಹಿಂದಿರುಗಿಸಬೇಕಾದ ಸೊತ್ತೇ ಎಂದು ನಾನು ಬಲವಾಗಿ ನಂಬುತ್ತೇನೆ.

ಒಂದು ಎಚ್ಚರಿಕೆಯನ್ನೂ ಹೇಳಿದ್ದೆ: “‘ನೀನು ತಡ ಮಾಡ್ಲಿಲ್ಲ, ನಾನು ಕುಡಿದಿದ್ದೆ’ ಅಷ್ಟೇ ಹೇಳಿ. ಅವತ್ತೇ ಕ್ಷಮೆ ಕೇಳ್ಬೇಡಿ.” ಪಾದ್ರಿಯಿರಲಿ, ಮೌಲ್ವಿಯಿರಲಿ, ಮಠದ ಸ್ವಾಮಿಗಳಿರಲಿ, ಜನ ಕೈಮುಗಿಯುವ ಸ್ಥಾನದಲ್ಲಿ ಇರುವವರು ಕ್ಷಮಿಸು ಎಂದರೆ ಎದುರಿಗಿದ್ದವರಿಗೆ ಅದು ಅಪ್ಪಣೆಯಂತೆ ಕೇಳುತ್ತದೆ. ಇಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಸಿಟ್ಟಾಗಲು ಅವನಿಗೆ ಅವಕಾಶ ಉಳಿಯಬೇಕಿತ್ತು.

ಅವರು ಹೋಗಿ ಹೇಳಿದರು. ಮಗ ಮಾತಾಡದೆ ಎದ್ದು ಒಳಗೆ ಹೋದನಂತೆ. ಕೆಲವು ವಾರಗಳ ಮೇಲೆ ಬಂದು, ಅಪ್ಪನ ವರ್ಷದ ಪೂಜೆಯನ್ನು ಬೇರೆ ಗುರುಗಳಿಂದ ಮಾಡಿಸುತ್ತೇನೆ ಎಂದ. ಇವರು ಒಪ್ಪಿಕೊಂಡರು. ಚಿಕಿತ್ಸೆ ಮುಂದುವರಿದಿದೆ.